ಬಿಲ್ಲೆ ನಂಬರ್ ನಾನೂರ ಹದಿನೇಳು

ಮತ್ತೊಂದು ಹನಿ, ಈ ಸಲ ಹುಬ್ಬಿನ ಮೇಲೆ, ಆಯಿಲ್ ಎಲ್ಲ ಬೆಳಿಗ್ಗೆಯೇ ಬಕೆಟ್ಟಿಗೆ ಬಸಿದಾಗಿದೆ, ಆದರೂ ಈ ಮುದುಕಿಗೆ ಹನಿಸುವ ಚಪಲ — ಯುದ್ಧಕ್ಕೆ ಮೊದಲು ಹುಟ್ಟಿದ ಆಸ್ಟಿನ್, ನನಗಿಂತ ಹದಿನೆಂಟು ವರ್ಷ ದೊಡ್ಡವಳು, ಆದರೆ ಇಬ್ಬರಲ್ಲಿ ಅಂಗಾತ ಬಿದ್ದಿರುವವನು ನಾನು, ಬಂಗಾರಪೇಟೆಯ ಈ ಮುಚ್ಚಿದ ಅಕ್ಕಿ ಮಿಲ್ಲಿನ ಶೆಡ್ಡಿನಲ್ಲಿ, ಯಾಕೆಂದರೆ ಮಿಲ್ಲಿನ ಮಾಲೀಕರ ಮೊಮ್ಮಗ ಬಾಲಾಜಿಗೆ ತಂಗಿಯ ಮದುವೆಗೆ ತಾತನ ಕಾರೇ ಬೇಕಂತೆ. ಹನ್ನೆರಡನೇ ಬೋಲ್ಟು. ಹಿಡಿಯೋ ಸೀನಪ್ಪ. ರಟ್ಟಿನ ಮೇಲೆ ಆಯಿಲ್ ಚೇಂಬರಿನ ಆಕಾರ ಬರೆದು, ಬಿಚ್ಚಿದ್ದನ್ನು ಅದರದರ ಜಾಗದಲ್ಲೇ ಚುಚ್ಚಿಡುತ್ತಿದ್ದಾನೆ, ಇಲ್ಲಿಂದ ಅವನ ಪಾದಗಳಷ್ಟೇ ಕಾಣುತ್ತವೆ, ಹವಾಯಿ ಚಪ್ಪಲಿ, ಒಂದರ ಬಾರಿಗೆ ಪಿನ್ನು, ಮೇಲಿಂದ ಕೆಮ್ಮು. ಏನ್ಲಾ ಕಾಂತರಾಜ, ನಿದ್ದೆ ಓಗ್ಬುಟ್ಯಾ? ಇಲ್ಲ ಕಣ್ಲಾ, ಇವಳ ಒಟ್ಟೆ ಕೆಳಗೆ ಯಾರಿಗೆ ನಿದ್ದೆ ಬತ್ತದೆ. ಮೂರು ಸಾವಿರ ಅಡಿ ಕೆಳಗೆ ನಾನು ನಿದ್ದೆ ಮಾಡಿದೀನಿ, ನಿಂಗೆ ಎರಡಡಿಗೇ ಉಸಿರು ಕಟ್ತಾ — ನಗುತ್ತಾನೆ, ನಗು ಅರ್ಧದಲ್ಲೇ ಕೆಮ್ಮಾಗುತ್ತದೆ, ಅದು ಮುಗಿಯುವವರೆಗೆ ನಾನು ಸ್ಪ್ಯಾನರ್ ತಿರುಗಿಸುವುದಿಲ್ಲ, ಯಾಕೋ, ಅಭ್ಯಾಸ. ಅಭ್ಯಾಸವೆಂದರೆ ಆ ಹಲಗೆ, ಉರಿಗಾಂ ಗಣಿಯ ವರ್ಕ್‌ಶಾಪಿನ ಗೋಡೆಯುದ್ದಕ್ಕೂ ಮೊಳೆಗಳು, ಮೊಳೆಗೊಂದು ಹತಾರ, ಹತಾರ ತೆಗೆದರೆ ಆ ಮೊಳೆಗೆ ನಿಮ್ಮ ನಂಬರಿನ ಹಿತ್ತಾಳೆ ಬಿಲ್ಲೆ, ನನ್ನದು ನಾನೂರ ಹದಿನೇಳು, ತೆಗೆದ ಜಾಗ ಖಾಲಿ ಬಿಡುವಂತಿಲ್ಲ, ಕೈಗೆ ಎಂಥ ರೂಢಿಯೆಂದರೆ ಮನೆಯ ಗೂಟದಿಂದ ಟವೆಲ್ ತೆಗೆದರೂ ಬೆರಳು ಜೇಬಿಗೆ ಹೋಗುತ್ತಿತ್ತು, ಒಮ್ಮೆ ದೇವರ ಗೂಡಿನ ಗಂಟೆ ತೆಗೆದು ಬಿಲ್ಲೆ ತೂಗಿಬಿಟ್ಟಿದ್ದೆ, ಹೆಂಡತಿ ಅಕ್ಕಯ್ಯಮ್ಮ ಕೈಮುಗಿಯಲು ಹೋದವಳು ಅದನ್ನು ನೋಡಿ, ದೇವ್ರೇನು ನಿಮ್ಮ ಸ್ಟೋರ್ ಕೀಪರ್ರಾ?

ಹದಿನೇಳನೆಯದು ಅಲ್ಲಾಡುತ್ತಿಲ್ಲ. ತೆಲುಗಲ್ಲಿ ಬೈಯಿ, ಬತ್ತದೆ, ಅನ್ನುತ್ತಾನೆ ಸೀನಪ್ಪ, ಬಿಗಿ ಬೋಲ್ಟಿಗೆ ಕನ್ನಡ, ತುಕ್ಕಿನದಕ್ಕೆ ತೆಲುಗು, ಮುರಿದರೆ ತಮಿಳು, ಎಪ್ಪತ್ತೊಂಬತ್ತರ ಆ ಭಾನುವಾರವೂ ಹೀಗೇ ಅಂದಿದ್ದ, ಇದೇ ಶೆಡ್ಡು, ಇದೇ ಚೇಂಬರ್, ಮಾರಿಕುಪ್ಪಂ ಕಡೆಯಿಂದ ಬಂದ ರೈಲಿನ ಬಾಗಿಲಲ್ಲಿ ಜೋತಾಡಿಕೊಂಡು ಬಂದಿದ್ದೆವು, ಬಾಲಾಜಿಯ ತಾತ ಮುನಿಸ್ವಾಮಪ್ಪನವರು ಮುದ್ದೆ, ನಾಟಿ ಕೋಳಿ ಸಾರು ಇಕ್ಕಿಸಿದ್ದರು, ಇಬ್ಬರಿಗೂ ಇಪ್ಪತ್ತೈದು, ಸೀನಪ್ಪನ ಎದೆ ಗಂಟೆಯ ಹಾಗಿತ್ತು, ಅವನು ಶಿಳ್ಳೆ ಹಾಕಿದರೆ ಸ್ಟೇಷನ್ನಿನವರೆಗೂ ಕೇಳಬೇಕು. ಒಳಗೆ ಆಯಿಲ್ ಸೋಸುವ ಜಾಲರಿ ಹರಿದಿತ್ತು, ನಾನೇ ತೆಗೆದೆ, ಹೊಸದು ಸಿಕ್ಕುವ ಹಾಗಿರಲಿಲ್ಲ, ಇಲ್ದಿದ್ರೂ ಓಡ್ತದೆ ಬಿಡ್ಲಾ ಅಂದ, ಮುಚ್ಚಿದೆವು. ಸೋಮವಾರ ಗೇಟಿನಲ್ಲಿ ಬಿಲ್ಲೆ ತೋರಿಸಲು ಹೋದರೆ ಜೇಬು ಖಾಲಿ. ಚಿನ್ನದ ಗಣಿ, ಬಿಲ್ಲೆ ಕಳೆದರೆ ಅದನ್ನು ಹಿಡಿದು ಯಾವನೋ ಒಳನುಗ್ಗಬಹುದು, ಸಾಹೇಬರು ಕೂರಿಸಿ ಕೇಳಿದರು, ಸೀನಪ್ಪ ತಮಾಷೆಗೆ ಎತ್ತಿರಬಹುದು ಸಾರ್ ಅಂದೆ, ಬರೆದದ್ದನ್ನು ಓದಿದಾಗ ಎತ್ತಿದ್ದಾನೆ ಅಂತಿತ್ತು, ಕೆಲಸ ಹೋದೀತೆಂಬ ಹೆದರಿಕೆ, ಸಹಿ ಹಾಕಿದೆ. ಅವನನ್ನು ವರ್ಕ್‌ಶಾಪ್ ಬಿಡಿಸಿ ಗಣಿಯೊಳಗೆ ಇಳಿಸಿದರು, ಗಣಿ ಮುಚ್ಚುವವರೆಗೆ ಇಪ್ಪತ್ತೆರಡು ವರ್ಷ ಆ ಧೂಳು. ನಾನು ತಗೊಂಡಿಲ್ಲ ಕಣ್ಲಾ ಅಂದಿದ್ದ, ಒಂದೇ ಸಲ, ಆಮೇಲೆ ಆ ಮಾತೇ ಇಲ್ಲ, ನನ್ನ ಮಗಳ ಮದುವೆಯಲ್ಲಿ ಕೆಮ್ಮುತ್ತ ಕೆಮ್ಮುತ್ತ ಬಡಿಸಿದ. ನಾನಾದರೂ ಅವನನ್ನು ಕ್ಷಮಿಸಿದ್ದೆ, ನಲವತ್ತೈದು ವರ್ಷದಿಂದ ಕ್ಷಮಿಸುತ್ತಲೇ ಬಂದಿದ್ದೇನೆ, ಅಂಥ ದೊಡ್ಡ ಮನಸ್ಸು ನನ್ನದು.

ಇಪ್ಪತ್ತೆರಡನೆಯದು, ಕೊನೆಯ ಬೋಲ್ಟು. ಚೇಂಬರಿನ ಅಡಿಗೆ ಜಾಕಿ ಕೊಟ್ಟಿದ್ದೇನೆ, ಮೇಲೊಂದು ಹಲಗೆ ತುಂಡು, ಆದರೂ ಕಾರ್ಕಿನ ಪ್ಯಾಕಿಂಗ್ ಬಿಡುತ್ತಿಲ್ಲ, ಸುತ್ತ ಬ್ಲೇಡ್ ಆಡಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಇನ್ನೊಂದು ಏಟು — ಪಚಕ್ಕನೆ ಬಿಟ್ಟುಕೊಂಡಿತು, ಜಾಕಿ ಇಳಿಸು, ಮುಂದಿನ ಅಚ್ಚಿಗೆ ತಾಗದ ಹಾಗೆ ವಾರೆ ಮಾಡಿ ಎಳೆದುಕೊ, ಬಂತು, ತಳದಲ್ಲಿ ಬೆರಳು ದಪ್ಪ ಕಪ್ಪು ರಾಡಿ, ಮತ್ತೇನಿಲ್ಲ. ಮತ್ತೇನಿರಬೇಕಿತ್ತು? ಟಾರ್ಚ್ ಬಿಡೋ ಸೀನಪ್ಪ, ಒಳಗೆ ನೋಡಬೇಕು. ಕೂತಲ್ಲಿಂದಲೇ ಕೈ ತೂರಿಸುತ್ತಾನೆ, ಅವನಿಗೆ ಏನೂ ಕಾಣದು, ಬೆಳಕು ನನಗೆ ಮಾತ್ರ, ಕ್ರ್ಯಾಂಕು, ರಾಡುಗಳು, ಪಂಪು, ಅದರ ಪಕ್ಕ ಜಾಲರಿ ತೂಗಿಬಿಡುವ ಕೊಕ್ಕೆ, ಜಾಲರಿ ಇಲ್ಲ, ನಾನೇ ತೆಗೆದಿದ್ದೆನಲ್ಲ, ತೆಗೆದ ಜಾಗ — ಖಾಲಿ ಇಲ್ಲ. ಕರೀ ದುಂಡನೆಯದೇನೋ. ಹೆಬ್ಬೆರಳಿನಿಂದ ಒರೆಸಿದರೆ ಹಳದಿ, ನಾಲ್ಕು, ಇನ್ನೊಮ್ಮೆ ಒರೆಸು, ಒಂದು, ಸಾಕು, ಒರೆಸಬೇಡ, ಏಳು. ಏನ್ಲಾ, ಏನಾದ್ರೂ ಸಿಕ್ತಾ? ಬಾಯಿ ತೆರೆದಿದ್ದೇನೆ. ನನ್ನದೇ ಒಂದು ಕೈಮರೆವು, ಈಗ ಹೇಳಿಬಿಡಬಹುದು, ಎರಡೇ ಮಾತು — ಅವನಿಗೆ ಕೆಮ್ಮು ಬಂತು, ಟಾರ್ಚು ಕುಲುಕುತ್ತಿದೆ, ಬೆಳಕು ಹೋಗುತ್ತದೆ, ಬರುತ್ತದೆ, ಬಂದಾಗಲೆಲ್ಲ ಕೊಕ್ಕೆಯಲ್ಲಿ ಬಿಲ್ಲೆ, ಕೆಮ್ಮು, ಕತ್ತಲು, ಬಿಲ್ಲೆ, ಅಂಚಿನಲ್ಲಿ ಒಂದು ಹನಿ, ನನ್ನ ಮುಖದ ಮೇಲೆಯೇ ಬೀಳಬೇಕು, ಬೀಳುತ್ತಿಲ್ಲ, ಕೆಮ್ಮು, ಬಿಲ್ಲೆ