ಹೋಗದೆಯೇ ಸೇರಿದ ಕವೆಂಟ್ರಿ

ಸ್ಟೋಕ್ ಊರಿನ ಪಿಂಗಾಣಿ ಕಾರ್ಖಾನೆಯಲ್ಲಿ, ಮಣ್ಣಿನ ಪಾತ್ರೆ ಸುಡುವ ದೊಡ್ಡ ಗೂಡಾದ ಆವಿಗೆಯ ಉರಿ ಕಾಯುವ ಕೆಲಸ ಕ್ಲೆಮೆಂಟನದು. ಒಮ್ಮೆ ಬೆಂಕಿ ಹಚ್ಚಿದರೆ ನಡುವೆ ಬಿಟ್ಟೇಳುವಂತಿಲ್ಲ. ಎದ್ದರೆ ಒಳಗಿನ ತಟ್ಟೆ ಬಟ್ಟಲೆಲ್ಲ ಮಣ್ಣುಪಾಲು. ಮುಷ್ಕರದ ದಿನ ಎಲ್ಲರೂ ಹೊರನಡೆದಾಗ ಅವನೊಬ್ಬ ಉರಿಯ ಮುಂದೆಯೇ ಉಳಿದ. ಆ ತಟ್ಟೆಗಳನ್ನು ಮಾಡಿದವರು ಅವರೇ ತಾನೇ, ಮೆಚ್ಚಿಕೊಂಡಾರು ಎಂದುಕೊಂಡಿದ್ದ. ಎಂಥ ಭೋಳೆ ಮನುಷ್ಯ.

ಮುಷ್ಕರ ಮುಗಿಸಿ ಬಂದವರು ಅವನನ್ನು ಕವೆಂಟ್ರಿಗೆ ಕಳಿಸಿದರು. ಆ ಹೆಸರಿನ ಊರೇನೋ ಇದೆ, ರೈಲೂ ಹೋಗುತ್ತದೆ. ಆದರೆ ಕಾರ್ಖಾನೆಯವರು ಒಬ್ಬನೊಡನೆ ಒಟ್ಟಾಗಿ ಮಾತು ಬಿಟ್ಟರೆ ಅದಕ್ಕೆ ಹಾಗೆ ಹೇಳುವುದು. ಬೈಗುಳವಿಲ್ಲ, ಹೊಡೆತವಿಲ್ಲ. ಅವನು ಹತ್ತಿರ ಬಂದರೆ ಚಹಾ ಕುಡಿಯುವ ಬೆಂಚು ತೆಪ್ಪಗಾಗುತ್ತಿತ್ತು, ಅಷ್ಟೇ.

ಮೊದಮೊದಲು ಕ್ಲೆಮೆಂಟನಿಗೆ ಮೈಯೆಲ್ಲ ಉರಿಯಿತು. ಆಮೇಲೆ ಅಳು ಬಂತು. ಚಳಿಗಾಲದ ಹೊತ್ತಿಗೆ ಏನೂ ಬರಲಿಲ್ಲ. ಹಲ್ಲು ಕೀಳಲು ಮರಗಟ್ಟಿಸಿದ ದವಡೆಯ ಹಾಗೆ ಇಡೀ ಮನುಷ್ಯ ಮರಗಟ್ಟಿಹೋಗಿದ್ದ.

ಊಟಕ್ಕೆ ಕೂತಾಗ ಮಗಳು ಎನಿಡ್ ಹೇಳಿದಳು: "ಅಪ್ಪಾ, ಆ ಮಾತು ಎಲ್ಲಿಂದ ಬಂತು ಗೊತ್ತಾ? ಹಿಂದೆ ರಾಜನ ಕಡೆಯವ್ರಿಗೂ ಪಾರ್ಲಿಮೆಂಟಿನವ್ರಿಗೂ ಯುದ್ಧ ಆಯ್ತಲ್ಲ, ಸೆರೆ ಸಿಕ್ಕಿದ ರಾಜನ ಸೈನಿಕರನ್ನ ಕವೆಂಟ್ರಿಗೆ ಕಳಿಸಿದ್ರಂತೆ. ಆ ಊರವ್ರು ಅವ್ರ ಹತ್ರ ಮಾತೇ ಆಡ್ತಿರ್ಲಿಲ್ವಂತೆ. ನಿಜಾನೋ ಸುಳ್ಳೋ, ನಮ್ಮ ಮೇಷ್ಟ್ರಿಗೂ ಸರಿಯಾಗಿ ಗೊತ್ತಿಲ್ಲ."

"ಆ ಸೈನಿಕರು ತುಂಬಾ ಜನ ಇದ್ರಲ್ಲಮ್ಮ," ಅಂದ ಕ್ಲೆಮೆಂಟ್. "ಅವರವರಲ್ಲೇ ಮಾತಾಡ್ಕೊಂಡಿರ್ತಾರೆ ಬಿಡು."

ವಸಂತದಲ್ಲಿ ಒಂದು ದಿನ ಆವಿಗೆ ತುಂಬುತ್ತಿದ್ದರು. ತಟ್ಟೆಗಳನ್ನಿಟ್ಟು ಒಂದರ ಮೇಲೊಂದು ಪೇರಿಸಿದ್ದ ಮಣ್ಣಿನ ಪೆಟ್ಟಿಗೆಗಳ ಸಾಲೊಂದು ಮೇಲಿನಿಂದ ವಾಲಿತು. ಕೆಳಗೆ ಕ್ಲೆಮೆಂಟ್ ಬಗ್ಗಿ ಕೂತಿದ್ದ. ಎಲ್ಲರೂ ನೋಡಿದರು, ಯಾರೂ ಬಾಯಿ ಬಿಡಲಿಲ್ಲ.

"ಲೇ ಕ್ಲೆಮ್, ಪಕ್ಕಕ್ಕೆ ಸರಿಯೋ" ಎಂದು ಕೂಗಿದವನು ಸಿರಿಲ್. ಪೆಟ್ಟಿಗೆ ಹೊರುವವನು, ಕ್ಲೆಮೆಂಟನ ಬಾಲ್ಯದ ಗೆಳೆಯ. ಕ್ಲೆಮೆಂಟ್ ಸರಿದ. ಅವನು ಕೂತಿದ್ದ ಜಾಗದಲ್ಲಿ ಪೆಟ್ಟಿಗೆಗಳು ಪುಡಿಪುಡಿಯಾದವು.

ಮರುದಿನ ಸಿರಿಲನೂ ಕವೆಂಟ್ರಿ ಸೇರಿದ.

ಅದೇ ವಾರ ಕಾರ್ಮಿಕರ ಸಂಘದ ಮುಖಂಡ ವಾಲ್ಟರ್ ಆವಿಗೆಯ ಬಾಗಿಲಿಗೆ ಬಂದ. "ನಿಂದು ಸಾಕು ಕಣಯ್ಯಾ. ಮೊನ್ನೆ ಸತ್ತೇ ಹೋಗ್ತಿದ್ದೆ, ನಮ್ಗೂ ಒಂಥರಾ ಆಯ್ತು. ನಾಳೆಯಿಂದ ಬೆಂಚಿಗೆ ಬಾ."

"ಮತ್ತೆ ಸಿರಿಲ್?" ತನ್ನ ದನಿ ಕ್ಲೆಮೆಂಟನಿಗೇ ಬೇರೆಯವರದು ಅನ್ನಿಸಿತು.

"ಅವ್ನು ನಿನ್ನ ಮಾತಾಡಿಸಬಾರ್ದು ಅನ್ನೋ ಕಟ್ಟು ಮುರಿದವ್ನು. ಅವ್ನ ಹತ್ರ ಒಂದು ಮಾತಾಡಿದ್ರೂ ನೀನು ವಾಪಸ್ ಅಲ್ಲಿಗೇ. ಆಮೇಲೆ ನನ್ನ ಕೇಳ್ಬೇಡ."

ಮರುದಿನ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಯಾರೋ ಓಟ್ಸ್ ರೊಟ್ಟಿ ಮುರಿದು ಕೈಗಿಟ್ಟರು. "ಏನಯ್ಯಾ, ಆವಿಗೆ ಜೊತೆ ಸಂಸಾರ ಚೆನ್ನಾಗಿತ್ತಾ?" ಅಂದರು. ಕ್ಲೆಮೆಂಟ್ ನಕ್ಕ. ನಗು ಬಂತಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ಅಷ್ಟರಲ್ಲಿ ಸಿರಿಲ್ ಚಹಾದ ಲೋಟ ಹಿಡಿದು ಬಂದು ಎದುರು ನಿಂತ. ಬೆಂಚು ತೆಪ್ಪಗಾಯಿತು.

"ಕ್ಲೆಮ್, ಮೊನ್ನೆ ಏಟೇನೂ ಆಗ್ಲಿಲ್ಲ ತಾನೇ?"

ನಾಚಿಕೆಯಾಗಬೇಕಿತ್ತು. ಆಗುತ್ತದೆಂದು ಕ್ಲೆಮೆಂಟ್ ಒಂದು ಗಳಿಗೆ ಕಾದ. ಆಗಲಿಲ್ಲ. ರೊಟ್ಟಿ ರುಚಿಯಾಗಿತ್ತು. ಪಕ್ಕದಲ್ಲಿ ಒಬ್ಬ ಕೂರುವಷ್ಟು ಜಾಗವಿತ್ತು. ಸಿರಿಲ್ ಕೂರುವ ಮೊದಲೇ ಕ್ಲೆಮೆಂಟ್ ತನ್ನ ಟೋಪಿ ತೆಗೆದು ಅಲ್ಲಿಟ್ಟ.