ಆವುಲಪ್ಪನ ಬಾಣಗಳು

ಕೆರೆದಾರಿ ಕವಲೊಡೆಯುವಲ್ಲಿ ಚಟ್ಟ ಇಳಿಸಿ, ಹೆಣದ ತಲೆ ಕಾಲು ಅದಲುಬದಲಾಗುವಂತೆ ತಿರುಗಿಸುತ್ತಿದ್ದರು. ಸತ್ತವನಿಗೆ ಮನೆಯ ದಾರಿ ಮರೆಯಲಿ ಎಂದು ಮಾಡುವ ಶಾಸ್ತ್ರ. ಹೆಂಗಸರು ಇಲ್ಲಿಯವರೆಗೆ ಮಾತ್ರ ಬರಬಹುದಿತ್ತು.

ಕದಿರಮ್ಮ ಗಂಡ ಆವುಲಪ್ಪನ ಮುಖ ನೋಡಲಿಲ್ಲ, ಪಕ್ಕದ ಕಂಬದ ಬೋರ್ಡು ನೋಡಿದಳು. ಅದರ ಮೇಲೆ ನಡೆಯುವ ಮನುಷ್ಯ, ಒಂದು ಸೈಕಲ್ಲು, ಅವಳ ಬೀದಿಯ ಕಡೆಗೆ ಚೂಪಾದ ಬಿಳಿ ಬಾಣ. ಹೊಸೂರಿನಲ್ಲಿ ವಾಕಿಂಗ್ ಹೋಗುವವರಿಗೆ, ಸೈಕಲ್ಲು ತುಳಿಯುವವರಿಗೆ ಎಂದು ಕೆರೆ ಸುತ್ತ ನೆಟ್ಟ ಬೋರ್ಡುಗಳನ್ನೆಲ್ಲ ಬರೆದವನು ಆವುಲಪ್ಪನೇ.

"ಗಿರೀ, ಅದನ್ನ ಮುಚ್ಚಾಕ್ಲಾ," ಅಂದಳು ಮಗನಿಗೆ.

"ಯಾತ್ಕಮ್ಮಾ?"

"ನೀವು ಎಷ್ಟ್ ತಿರುಗ್ಸಿದ್ರೂ ಅಷ್ಟೆ. ಅವ್ರೇ ಬರ್ದಿರೋ ಬಾಣ. ನೋಡ್ಕೊಂಡು ನೆಟ್ಟಗೆ ಮನೆಗ್ ಬತ್ತಾರೆ."

ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದು ನಾದಿನಿ ಬೈರಮ್ಮ ಅತ್ತಳು. ಕದಿರಮ್ಮನಿಗಿದ್ದದ್ದು ದುಃಖವಲ್ಲ, ಭಯ. ಅವನು ತಿರುಗಿ ಬರುವುದು ಅವಳಿಗೆ ಬೇಕಿರಲಿಲ್ಲ.

*

ಬೋರ್ಡು ಬರೆದದ್ದು ಮನೆಯಂಗಳದಲ್ಲಿ, ಬಣ್ಣ ಕಲಸಿಕೊಟ್ಟವಳು ಅವಳೇ. "ಒಂದ್ಕಿತ ನನ್ನೂ ಕೆರೆತಾವ ಕರ್ಕೊಂಡೋಗಿ ತೋರ್ಸಿ," ಎಂದು ಕೇಳಿದ್ದಳು.

"ನೀನ್ ನೋಡಿ ಏನಾಗ್ಬೇಕು?" ಎಂದು ಅವನು ಕುಂಚ ಒರೆಸಿಕೊಂಡಿದ್ದ.

ಹೊಡೆದವನಲ್ಲ, ಬೈದವನಲ್ಲ. ಕೆಲಸಕ್ಕೆ ಹೊರಡುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದ, ಅಷ್ಟೇ. ರಾಯಕೋಟೆಯಲ್ಲಿ ಅವಳ ತಾಯಿ ಸತ್ತ ದಿನ, ಸುದ್ದಿ ತಂದವನು ಕಿಟಕಿಯಲ್ಲೇ ಹೇಳಿ ಹೋದ. ಆವುಲಪ್ಪ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಅಲ್ಲಿ ಮಣ್ಣು ಮಾಡಿ ಆಗಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆ ಇವನನ್ನು ನೋಡಿಯೇ ಹುಟ್ಟಿರಬೇಕು.

*

ಬೆಂಕಿಯ ಮಡಕೆ ಹಿಡಿದಿದ್ದ ಗಿರಿ ಕದಲಲಿಲ್ಲ. ಕದಿರಮ್ಮ ಯಾರದೋ ಹೆಗಲಿನ ಟವೆಲ್ಲು ಎಳೆದುಕೊಂಡು, ತಾನೇ ಬೋರ್ಡಿಗೆ ಬಿಗಿದು ಗಂಟು ಹಾಕಿದಳು. ಗಂಡಸರು ಚಟ್ಟ ಎತ್ತಿ ಸುಡುಗಾಡಿನ ದಾರಿ ಹಿಡಿದರು. ತಮಟೆ ದೂರವಾಯಿತು.

"ನಡಿ ಅತ್ಗೆ, ಮನೆಗೋಗಾಣ," ಬೈರಮ್ಮ ತೋಳು ಹಿಡಿದಳು.

ಕದಿರಮ್ಮ ಉಳಿದ ಇನ್ನೊಂದು ಕವಲಿನ ಕಡೆ ಕೈ ತೋರಿದಳು. "ಅದು ಎಲ್ಗೋಗ್ತದೆ?"

"ಎಲ್ಗೂ ಇಲ್ಲ. ಕೆರೆ ಸುತ್ತಾಕ್ಕೊಂಡು ತಿರ್ಗಾ ನಮ್ ಬೀದಿಗೇ ಬತ್ತದೆ. ಇತ್ಲಾಗ್ ಬಾ, ಇದು ಹತ್ರ."

ಅಂದರೆ ಎತ್ತ ಹೋದರೂ ಅದೇ ಮನೆ. ಬೆಳಗಿನಿಂದ ಬಾರದ ಅಳು ಕದಿರಮ್ಮನಿಗೆ ಈಗ ಬಂತು. ತೋಳು ಬಿಡಿಸಿಕೊಂಡು ದೂರದ ದಾರಿಯನ್ನೇ ಹಿಡಿದಳು.

"ಅತ್ಗೆ! ಹೋಗಿ ದೀಪ ಹಚ್ಬೇಕು ಕಣೆ!" ಬೈರಮ್ಮ ಕೂಗಿಕೊಂಡಳು.

ಕದಿರಮ್ಮ ಅಳುತ್ತಲೇ ದಾರಿಯ ನಟ್ಟನಡುವೆ ನಡೆದಳು. ಹಿಂದಿನಿಂದ ಸೈಕಲ್ಲಿನ ಬೆಲ್ಲು ಕೇಳಿಸಿತು. ಅವಳು ಸರಿಯಲಿಲ್ಲ. ಬೆಲ್ಲು ಇನ್ನೊಮ್ಮೆ, ಮತ್ತೊಮ್ಮೆ ಹೊಡೆಯಿತು. ಆಮೇಲೆ ಸೈಕಲ್ಲಿನವನು ಕೆಳಗಿಳಿದು, ತಳ್ಳಿಕೊಂಡು ಅವಳ ಹಿಂದೆ ನಡೆಯತೊಡಗಿದ.