ಸಾಲಿನ ಕೊನೆಯಲ್ಲಿ ನಿಲ್ಲುವವಳು

ನಮ್ಮ ಮತಗಟ್ಟೆಯಲ್ಲಿ ಸಾಲಿನ ಕೊನೆಯಲ್ಲಿ ನಿಲ್ಲುವ ಕೆಲಸ ನನ್ನದು. ಸಂಜೆ ಏಳಕ್ಕೆ ಮತದಾನ ಮುಗಿಯುತ್ತದೆ. ಆದರೆ ಅಷ್ಟರೊಳಗೆ ಬಂದು ಸಾಲಿನಲ್ಲಿ ನಿಂತವರಿಗೆಲ್ಲ, ಎಷ್ಟೇ ಹೊತ್ತಾಗಲಿ, ಮತ ಹಾಕಲು ಬಿಡಬೇಕು. ಅದಕ್ಕಾಗಿ ಏಳು ಹೊಡೆಯುತ್ತಲೇ ನಮ್ಮಲ್ಲೊಬ್ಬರು ಹೊರಗೆ ಹೋಗಿ ಕೊನೆಯವರ ಬೆನ್ನಿಗೆ ನಿಲ್ಲಬೇಕು. ನನ್ನ ಮುಂದಿದ್ದವರು ಒಳಗೆ, ಹಿಂದೆ ಬಂದವರು ಮನೆಗೆ. ಸಾಲು ಸರಿದಂತೆ ನಾನೂ ಸರಿದು, ಕಡೆಗೆ ಒಳಗೆ ಬಂದು ಬಾಗಿಲು ಹಾಕಬೇಕು. ಶಾಲೆಯ ಕೆಲಸದಿಂದ ನಿವೃತ್ತಳಾದಂದಿನಿಂದ, ಜಾರ್ಜಿಯಾ ರಾಜ್ಯದ ಈ ಮೂಲೆಯ ಚಿಕ್ಕ ಕೌಂಟಿಯಲ್ಲಿ, ಪ್ರತಿ ಚುನಾವಣೆಗೂ ಇದನ್ನು ಮಾಡುತ್ತ ಬಂದಿದ್ದೇನೆ.

ನಮ್ಮ ಮತಗಟ್ಟೆ ಇದ್ದದ್ದು ಚರ್ಚಿನ ಹಿಂದಿನ ಊಟದ ಹಾಲ್‌ನಲ್ಲಿ. ಆ ನವೆಂಬರಿನದೇ ಅಲ್ಲಿ ಕೊನೆಯ ಮತದಾನ. ಖರ್ಚು ಉಳಿಸಬೇಕೆಂದು ಕೌಂಟಿಯವರು ಅದನ್ನು ಮುಚ್ಚಿ, ಮುಂದಿನ ಸಲದಿಂದ ಎಲ್ಲರೂ ಪೇಟೆಯ ಕೋರ್ಟು ಕಟ್ಟಡಕ್ಕೇ ಬರಬೇಕು ಎಂದು ಹೇಳಿಬಿಟ್ಟಿದ್ದರು. ಅದಕ್ಕೋ ಏನೋ ಅಂದು ಜನ ಹೆಚ್ಚು. ಮಧ್ಯಾಹ್ನ ಒಂದು ಯಂತ್ರ ಬೇರೆ ಕೆಟ್ಟುಕೂತು, ಸಾಲು ಅಂಗಳದಾಚೆಯ ಪೆಕಾನ್ ಮರದ ಬುಡದವರೆಗೂ ಬೆಳೆಯಿತು. ಸಾಲಿನಲ್ಲಿ ನಿಂತವರ ಕೈಗೆ ಹೊರಗಿನವರು ಯಾರೂ ನೀರು ಕೊಡುವಂತಿಲ್ಲ ಎಂಬ ಕಾನೂನು ಈಚೆಗೆ ಬಂದಿದೆ. ಹಾಗಾಗಿ ಬಾಗಿಲ ಪಕ್ಕ ನಾವೇ ಒಂದು ನೀರಿನ ಡ್ರಮ್ಮು, ಕಾಗದದ ಲೋಟಗಳನ್ನು ಇಟ್ಟಿದ್ದೆವು. ಮುಂದೆ ತಲುಪಿದವರು ತಾವು ಕುಡಿದು, ಇನ್ನೊಂದು ಲೋಟ ತುಂಬಿ ಹಿಂದಿನವರಿಗೆ ದಾಟಿಸುತ್ತಿದ್ದರು. ಲೋಟ ಒಂದು ಹನಿಯೂ ಚೆಲ್ಲದೆ ಮರದವರೆಗೆ ಹೋಗುತ್ತಿತ್ತು. ಅದನ್ನು ನೋಡಿಕೊಂಡೇ ನನ್ನ ಮಧ್ಯಾಹ್ನ ಕಳೆಯಿತು.

ಏಳಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ನಮ್ಮ ಚರ್ಚಿನ ಹಿರಿಯ, ಡೀಕನ್ ಹಾಲಿಸ್‌ನ ಕಾರು ಬಂತು. ಇಳಿದವರು ಮಿಸ್ ಲೂಡಿ. ತೊಂಬತ್ತು ದಾಟಿದವರು, ನೀಲಿ ಟೋಪಿ, ಬಿಳಿ ಕೈಗವಸು, ಭಾನುವಾರದ ಉಡುಪು. ಹಾಲಿಸ್ ಬೆಳಿಗ್ಗೆಯೇ ಮತ ಹಾಕಿ ಹೋಗಿದ್ದ.

"ಆರ್ನೆಟಾ, ತಗೋ, ಕರ್ಕೊಂಡು ಬಂದಿದೀನಿ," ಅಂದ ನನಗೆ. "ಮಧ್ಯಾಹ್ನದಿಂದ ಟೋಪಿ ಆರಿಸ್ತಾ ಕೂತಿದ್ರು. ಕಾದು ಕಾದು ನನ್ನ ಗಡ್ಡ ಬೆಳ್ಳಗಾಯ್ತು."

"ಗಡ್ಡದ ಮಾತು ಬಿಡು. ನಿನಗೆ ಚಡ್ಡಿ ಹಾಕ್ಕೊಳ್ಳೋದು ಕಲಿಸಿದವಳು ನಾನು. ಹೋಗು, ಕಾರಲ್ಲಿ ಕೂತ್ಕೋ," ಎಂದರು ಮಿಸ್ ಲೂಡಿ.

ಸಾಲಿನಲ್ಲಿದ್ದ ನಾಲ್ಕಾರು ಜನ ನಕ್ಕರು. ಆದರೆ ಅವರನ್ನು ಬಲ್ಲ ನಾವು ಹಿರಿಯರು ನಗಲಿಲ್ಲ, ಯಾಕೆಂದರೆ ಮಿಸ್ ಲೂಡಿ ಜೀವನದಲ್ಲಿ ಒಮ್ಮೆಯೂ ಮತ ಹಾಕಿದವರಲ್ಲ.

ಅವರ ಗಂಡ ಕ್ಲೀವನ್, ನಾನು ಪುಟ್ಟ ಹುಡುಗಿಯಾಗಿದ್ದಾಗ, ನಮ್ಮವರೇ ಒಂದಷ್ಟು ಜನರ ಜೊತೆ ಮರ ಸಾಗಿಸುವ ಲಾರಿಯಲ್ಲಿ ಕೋರ್ಟಿಗೆ ಹೋಗಿದ್ದರು, ಮತದಾರರ ಪಟ್ಟಿಗೆ ಹೆಸರು ಹಚ್ಚಿಸಲು. ನಮ್ಮಂಥ ಕರಿಯರು ಹೋದರೆ ಕಾರಿಡಾರಿನಲ್ಲಿ ದಿನವಿಡೀ ನಿಲ್ಲಿಸುತ್ತಿದ್ದ ಕಾಲ ಅದು. ನಿಂತರು. ವಯಸ್ಸಾದವರಿಗೆ, ಕಾಲು ನೋಯುವವರಿಗೆ ಕಿರಿಯರು ತಮ್ಮ ಜಾಗ ಬಿಟ್ಟುಕೊಟ್ಟು ಹಿಂದೆ ಸರಿದರಂತೆ. ಸಂಜೆ ಗುಮಾಸ್ತ ಹೊರಗೆ ಬಂದು, ವೇಳೆ ಮುಗಿಯಿತು, ನಾಳೆ ಬನ್ನಿ ಅಂದ. ಲಾರಿ ಮನೆಗೆ ಬರಲಿಲ್ಲ. ಮರುದಿನ ಹಳ್ಳದ ನೀರಿನಲ್ಲಿ ತಲೆಕೆಳಗಾಗಿ ಸಿಕ್ಕಿತು, ಒಬ್ಬರೂ ಉಳಿದಿರಲಿಲ್ಲ. ಚಾಲಕ ಕುಡಿದಿದ್ದ ಎಂದು ಪೊಲೀಸರು ಬರೆದುಕೊಂಡರು. ಆತ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವನು, ಹನಿ ಮುಟ್ಟಿದವನಲ್ಲ. ಕೋರ್ಟಿನಿಂದಲೇ ಇನ್ನೊಂದು ಗಾಡಿ ಹಿಂಬಾಲಿಸಿತ್ತು ಎಂದು ಎಲ್ಲರಿಗೂ ಗೊತ್ತಿತ್ತು, ಯಾರದೆಂದು ಯಾರೂ ಕೇಳಲಿಲ್ಲ.

ಮುಂದೆ ಕಾನೂನು ಬದಲಾಗಿ ಊರಿಗೆ ಊರೇ ಮತ ಹಾಕಲು ಹೋದಾಗಲೂ ಮಿಸ್ ಲೂಡಿ ಹೋಗಲಿಲ್ಲ. ಅವರೆಲ್ಲ ಇನ್ನೂ ಸಾಲಲ್ಲೇ ನಿಂತಿದಾರೆ, ಅವರನ್ನ ದಾಟಿಕೊಂಡು ನಾನು ಹೇಗೆ ಹೋಗಲಿ, ಎನ್ನುತ್ತಿದ್ದರು. ದುಃಖದ ಮಾತು ಅಂದುಕೊಂಡು ನಾವು ಸುಮ್ಮನಾಗುತ್ತಿದ್ದೆವು. ಈಗ ಈ ಮತಗಟ್ಟೆ ಮುಚ್ಚುತ್ತಾರೆ ಎಂದು ಕೇಳಿ ಅವರೇ ಡೀಕನ್ ಹಾಲಿಸ್‌ನನ್ನು ಕರೆಸಿ, ಮುಂಚೆಯೇ ಪಟ್ಟಿಗೆ ಹೆಸರು ಹಚ್ಚಿಸಿಕೊಂಡಿದ್ದರು. ಆ ಕೋರ್ಟಿನ ಮೆಟ್ಟಿಲನ್ನು ಅವರು ಬದುಕಿರುವವರೆಗೆ ಹತ್ತುವವರಲ್ಲ. ಹಾಕಿದರೆ ಇವತ್ತು, ಇಲ್ಲದಿದ್ದರೆ ಎಂದೂ ಇಲ್ಲ.

ಏಳು ಹೊಡೆಯಿತು. ನಾನು ಹೋಗಿ ಅವರ ಹಿಂದೆ ನಿಂತೆ. ಮತಗಟ್ಟೆಯ ಮುಖ್ಯಸ್ಥ ರಾಂಡಲ್ ಪ್ರಿಚೆಟ್ ಒಳಗಿಂದ ಒಂದು ಮಡಚುವ ಕುರ್ಚಿ ತಂದು ಅವರ ಪಕ್ಕ ಬಿಡಿಸಿಟ್ಟ. ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿರುವ ಬಿಳಿಯ, ನನ್ನ ಹಳೆಯ ವಿದ್ಯಾರ್ಥಿ. ನಿಯಮದ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಡುವವನಲ್ಲ, ಆದರೆ ಕುರ್ಚಿ ಕೇಳಿದವರು ಯಾರೂ ಇರಲಿಲ್ಲ, ತಾನಾಗಿ ತಂದಿದ್ದ. ಮಿಸ್ ಲೂಡಿ ಥ್ಯಾಂಕ್ಸ್ ಹೇಳಿ ನಿಂತೇ ಇದ್ದರು.

ಸಾಲು ಒಂದು ಹೆಜ್ಜೆ ಸರಿಯಿತು. ಮಿಸ್ ಲೂಡಿ ಸರಿಯಲಿಲ್ಲ. ಪಕ್ಕಕ್ಕೆ ತಿರುಗಿ, ಕೈ ಮುಂದೆ ಮಾಡಿ, "ಬನ್ನಿ ಮಿಸ್ಟರ್ ಟೋಬ್. ಆ ಕಾಲಲ್ಲಿ ಎಷ್ಟೊತ್ತು ನಿಲ್ತೀರಿ, ಮುಂದೆ ಹೋಗಿ," ಎಂದು ಒಂದು ಹೆಜ್ಜೆ ಹಿಂದೆ ಬಂದರು.

ಅವರು ನನ್ನ ಕಾಲು ತುಳಿಯುವಂತಾದಾಗ ನಾನೂ ಹಿಂದೆ ಸರಿದೆ. ಟೋಬ್ ಎಂಬ ಹೆಸರನ್ನು ನಾನು ಕಂಡದ್ದು ಚರ್ಚಿನ ಅಂಗಳದ ಒಂದು ಸಮಾಧಿಯ ಕಲ್ಲಿನ ಮೇಲೆ. ವಯಸ್ಸಾಯಿತು, ಹಳೆಯದು ನೆನಪಾಗುತ್ತಿದೆ, ಎಂದುಕೊಂಡೆ. ಅಷ್ಟರಲ್ಲಿ ಯಾವುದೋ ಒದ್ದೆ ತೋಳು ನನ್ನ ತೋಳನ್ನು ಸವರಿಕೊಂಡು ಮುಂದೆ ಹೋಯಿತು. ನೋಡಿದರೆ ಯಾರೂ ಇಲ್ಲ. ನನ್ನ ಕೋಟಿನ ತೋಳು ಮಾತ್ರ ಒದ್ದೆಯಾಗಿತ್ತು. ಹಳ್ಳದ ಕೆಸರಿನ ವಾಸನೆ ಬಂತು.

ಮಿಸ್ ಲೂಡಿ ಇನ್ನೊಬ್ಬರನ್ನು ಕರೆದರು. ಮತ್ತೊಬ್ಬರನ್ನು. ಒಬ್ಬನಿಗೆ ನಿನ್ನ ಮಗಳು ಚೆನ್ನಾಗಿದ್ದಾಳೆ, ನರ್ಸ್ ಆದಳು ಎಂದು ಹೇಳಿದರು. ಇನ್ನೊಬ್ಬನಿಗೆ, ಒಳಗೆ ಹೋಗುವಾಗ ಟೋಪಿ ತೆಗೆಯಬೇಕು, ನಿನ್ನಮ್ಮ ನೋಡಿದರೆ ಏನಂದಾಳು, ಎಂದು ಗದರಿದರು. ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ. ನಾನೂ ಒಂದು ಹೆಜ್ಜೆ ಹಿಂದೆ. ಅವರ ಮುಂದಿದ್ದ, ಗಿರಣಿ ಕೆಲಸದ ಕಿತ್ತಳೆ ಅಂಗಿಯವನು ಒಂದೆರಡು ಸಲ ಕತ್ತಿನ ಹಿಂಭಾಗ ಉಜ್ಜಿಕೊಂಡ, ತಿರುಗಿ ನೋಡದೆ ಒಳಗೆ ಹೋದ. ಈಗ ಬಾಗಿಲಿನಿಂದ ನಮ್ಮವರೆಗೆ ಖಾಲಿ ದಾರಿ. ಆ ದಾರಿಯ ಒಣಗಿದ ಎಲೆಗಳು ಮಾತ್ರ ಒಂದೊಂದಾಗಿ, ಕಾಲ ಕೆಳಗೆ ಸಿಕ್ಕಂತೆ, ಅದುಮಿಕೊಳ್ಳುತ್ತಿದ್ದವು.

ರಾಂಡಲ್ ಬಾಗಿಲಿಗೆ ಬಂದು, ಇನ್ನಿಬ್ಬರೇ ತಾನೆ, ಯಾಕೆ ಅಷ್ಟು ದೂರ ಹೋದಿರಿ ಎಂದು ಕೇಳಿದ. ಅವರು ತಮ್ಮ ಜಾಗ ಬಿಟ್ಟುಕೊಡುತ್ತಿದ್ದಾರೆ ಎಂದೆ. ಯಾರಿಗೆ ಅಂದ. ನಾನು ಖಾಲಿ ದಾರಿಯತ್ತ ಕೈ ತೋರಿಸಿದೆ.

ಆ ದಾರಿಯನ್ನು ನೋಡಿ ಅವನೆಂದ, "ಮಿಸ್ ಆರ್ನೆಟಾ, ಅವರು ನಿಮ್ಮನ್ನ ದಾಟಿ ಹಿಂದೆ ಹೋದ್ರೆ ಮುಗೀತು. ಆಮೇಲೆ ನನ್ನ ಕೈಲಿ ಏನೂ ಇಲ್ಲ. ನಿಯಮ ನಿಮಗೇ ಗೊತ್ತು."

"ನನ್ನ ಹಿಂದೆ ಹೋಗಲ್ಲ ರಾಂಡಲ್. ನೀನು ಬಾಗಿಲು ತೆಗೆದಿಟ್ಟಿರು."

ಅವನು ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತ. ನನಗೆ ಆಗ ಒಂದೇ ಯೋಚನೆ, ಅವರಿಗಿಂತ ನಾನು ಯಾವಾಗಲೂ ಒಂದು ಹೆಜ್ಜೆ ಹಿಂದಿರಬೇಕು.

ಹೀಗೆ ಹಿಂದೆ ಹಿಂದೆ ನಡೆಯುತ್ತ ಮರವನ್ನು ದಾಟಿದೆವು, ಸಮಾಧಿಗಳ ಬೇಲಿಯನ್ನು ದಾಟಿದೆವು. ರಸ್ತೆ ಅಂಚಿನ ಜಲ್ಲಿ ಕಾಲಿಗೆ ಸಿಕ್ಕಿತು. ಬಾಗಿಲ ಬೆಳಕು ಅಲ್ಲಿಗೆ ಸರಿಯಾಗಿ ಬರುತ್ತಿರಲಿಲ್ಲ. ನನ್ನ ಬೆನ್ನ ಹತ್ತಿರವೇ, ದೀಪವಿಲ್ಲದ ಕತ್ತಲಲ್ಲಿ, ಹಳೆಯ ಲಾರಿಯೊಂದು ನಿಂತಲ್ಲೇ ಗುರುಗುಡುತ್ತಿತ್ತು. ಅದರ ಹಲಗೆ ಕಿರುಗುಟ್ಟಿ, ಯಾರೋ ಜಲ್ಲಿಯ ಮೇಲೆ ಧುಮುಕಿದ ಸದ್ದು. ಮತ್ತೆ ಕಿರುಗುಟ್ಟಿತು, ಮತ್ತೊಬ್ಬರು ಇಳಿದರು. ಬಟ್ಟೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಯಾರೂ ನೂಕಲಿಲ್ಲ. ನನ್ನ ಪಕ್ಕದಿಂದ ಹೋಗುವಾಗ ಪ್ರತಿಯೊಬ್ಬರೂ ಮೈ ಹಿಡಿಮಾಡಿಕೊಂಡು, ಈ ಮುದುಕಿಗೆ ತಾಗದಂತೆ ಹೋಗುತ್ತಿದ್ದರು. ಅದು ನನಗೆ ತಿಳಿಯುತ್ತಿತ್ತು.

ಕೊನೆಗೆ ಹಲಗೆಯ ಸದ್ದು ನಿಂತಿತು. ಮಿಸ್ ಲೂಡಿ ಕೈಗವಸನ್ನು ಸರಿಮಾಡಿಕೊಂಡರು. ಅವರ ದನಿ ಬದಲಾಯಿತು, ಹುಡುಗಿಯರ ದನಿಯ ಹಾಗೆ.

"ಬಾ ಮತ್ತೆ. ಎಲ್ಲರೂ ಹೋದ್ರು, ನೀನೊಬ್ಬನೇ ಬಾಕಿ."

ಯಾರೂ ದಾಟಲಿಲ್ಲ. ಅವರು ಕಿವಿಗೊಟ್ಟು ಕೇಳಿ, ನನ್ನತ್ತ ನೋಡಿದರು. ಕ್ಲೀವನ್ ಒಪ್ಪುತ್ತಿಲ್ಲ ಎಂದರು. ಹೆಂಗಸನ್ನು ಹಿಂದೆ ಬಿಟ್ಟು ತಾನು ಬಾಗಿಲು ಹೊಕ್ಕವನಲ್ಲ, ನೀನೇ ಮುಂದೆ ನಡೆ ಅನ್ನುತ್ತಿದ್ದಾನಂತೆ.

"ಹಾಗಾದ್ರೆ ನಡೀರಿ ಮಿಸ್ ಲೂಡಿ," ಎಂದೆ.

"ಅವನು ಸಾಲಿನಿಂದ ಹೊರಗೆ ನಿಂತಿದಾನೆ ಆರ್ನೆಟಾ. ನಿನ್ನ ಹಿಂದೆ ಇದಾನೆ. ನಾನು ಒಳಗೆ ಹೋದ್ರೆ ಅವನು ಇಲ್ಲೇ ಉಳೀತಾನೆ. ನಾನು ಹೋಗಲ್ಲ."

ಅವರು ಲಾರಿಯ ಕಡೆಗೆ ಒಂದು ಕಾಲು ಎತ್ತಿದರು. ಅವರು ನನ್ನನ್ನು ದಾಟಿದರೆ ಮತವೂ ಇಲ್ಲ, ಅವರು ವಾಪಸು ಬರುವುದೂ ಇಲ್ಲ ಎಂದು ಆ ಕ್ಷಣ ನನಗೆ ಖಂಡಿತವಾಗಿ ತೋರಿತು. ಅದೇ ಹೊತ್ತಿಗೆ ಲಾರಿಯ ಹಿಂದೆ ಇನ್ನೊಂದು ಗಾಡಿಯ ಎಂಜಿನ್ ಸದ್ದಾಯಿತು. ಎರಡು ದೀಪ ಹೊತ್ತಿಕೊಂಡವು. ಹಳದಿ ಬೆಳಕು ನಮ್ಮ ಮೇಲೆ ಬಿತ್ತು. ಆ ಬೆಳಕಿನಲ್ಲಿ ಮಿಸ್ ಲೂಡಿಯ ನೆರಳಿತ್ತು, ನನ್ನ ನೆರಳಿತ್ತು, ನನ್ನ ಹಿಂದಿನಿಂದ ಚಾಚಿ ನಮ್ಮ ನಡುವೆ ಬಿದ್ದ ಎತ್ತರದ ಇನ್ನೊಂದು ನೆರಳಿತ್ತು. ಗಾಡಿಯ ಬಾಗಿಲು ತೆರೆದುಕೊಂಡಿತು. ಬೂಟುಗಳು ಜಲ್ಲಿಗೆ ಇಳಿದವು, ಒಂದು ಜೊತೆಯಲ್ಲ.

ನಾನು ಕಣ್ಣು ಮುಚ್ಚಿ ಎರಡು ದೊಡ್ಡ ಹೆಜ್ಜೆ ಹಿಂದಿಟ್ಟೆ. ತಣ್ಣನೆಯದೊಂದನ್ನು ಹಾಯ್ದುಹೋದೆ. ಕಣ್ಣು ತೆರೆದಾಗ ಲಾರಿಯ ಗುರುಗುಡು ನನ್ನ ಪಕ್ಕದಲ್ಲಿತ್ತು, ಬೆಳಕು ಬೆನ್ನಿಗೆ ಬಿಸಿಯಾಗಿ ತಾಗುತ್ತಿತ್ತು.

"ಸರ್, ನೀವೀಗ ನನ್ನ ಮುಂದಿದೀರಿ. ನೀವು ಸಾಲಿನಲ್ಲಿದೀರಿ. ನಿಮ್ಮ ಹೆಂಡತಿಯ ಹಿಂದೆ ನಡೀರಿ," ಎಂದೆ.

ಬೂಟುಗಳು ಹತ್ತಿರವಾದವು. ಹೊಗೆಸೊಪ್ಪಿನ ಉಸಿರು ನನ್ನ ಕತ್ತಿಗೆ ಬಿತ್ತು. ನಲವತ್ತು ವರ್ಷ ಮಕ್ಕಳ ಗಲಾಟೆ ಅಡಗಿಸಿದ ದನಿ ಅದೆಲ್ಲಿತ್ತೋ ಬಂತು. ತಿರುಗಿ ನೋಡದೆಯೇ ಹೇಳಿದೆ, "ಏಳು ಗಂಟೆ ಆಗಿಹೋಯ್ತು. ಸಾಲು ನನ್ನಲ್ಲಿಗೆ ಮುಗೀತು. ನನ್ನ ಹಿಂದೆ ಯಾರೂ ನಿಲ್ಲೋ ಹಾಗಿಲ್ಲ. ನೀವು ಹೊರಡಿ."

ಉಸಿರು ಹೋಗಲಿಲ್ಲ. ಆದರೆ ನನ್ನನ್ನು ದಾಟಲೂ ಇಲ್ಲ.

ಮಿಸ್ ಲೂಡಿ ಮುಂದೆ ನಡೆಯತೊಡಗಿದರು. ಅವರ ಹಿಂದೆ ಜಲ್ಲಿ ಸದ್ದು ಮಾಡಿತು, ಆಮೇಲೆ ನನ್ನ ಹೆಜ್ಜೆ. ನಾವು ನಿಧಾನವಾಗಿ, ಸರದಿಗೆ ಕಾಯುವವರ ಹಾಗೆ, ನಿಂತು ನಿಂತು ಹೋದೆವು. ದೂರದಲ್ಲಿ ಬಾಗಿಲಲ್ಲಿ ರಾಂಡಲ್ ಕಾಣುತ್ತಿದ್ದ. ಕಣ್ಣು ನಮ್ಮ ಮೇಲೆ ನೆಟ್ಟಿದ್ದರೂ, ಆಗಾಗ್ಗೆ ಅವನಿಗೇ ಗೊತ್ತಿಲ್ಲದ ಹಾಗೆ ಹೊಟ್ಟೆ ಒಳಗೆಳೆದುಕೊಂಡು, ಯಾರಿಗೋ ದಾರಿ ಬಿಡುವಂತೆ ಬಾಗಿಲಿಗೆ ಒತ್ತಿಕೊಳ್ಳುತ್ತಿದ್ದ. ಒಂದು ಸಲ ತಲೆಯನ್ನೂ ಬಾಗಿಸಿದ. ಕತ್ತಿನ ಮೇಲಿನ ಉಸಿರು ಮೆಟ್ಟಿಲವರೆಗೂ ಬಂತು. ಒಳಗೆ ಕಾಲಿಟ್ಟು ಬಾಗಿಲು ಎಳೆದುಕೊಂಡೆ. ಹೊರಗಿನಿಂದ ಯಾರೋ ಹಿಡಿ ತಿರುಗಿಸಿದರು, ಒಂದೇ ಒಂದು ಸಲ. ರಾಂಡಲ್ ಅದನ್ನು ನೋಡಿದ. ಬೀಗ ಹಾಕಿದ.

ಒಳಗೆ ಮೇಜಿನ ಹಿಂದೆ ಕೂತಿದ್ದ ಇಬ್ಬರು ಹೆಂಗಸರು ಸ್ವೆಟರ್ ಹಾಕಿಕೊಂಡಿದ್ದರು. ನೆಲ ಬಾಗಿಲಿನಿಂದ ಯಂತ್ರಗಳವರೆಗೆ ಒದ್ದೆ. ಮಿಸ್ ಲೂಡಿ ಜಾರಬಾರದೆಂದು ಅವರಲ್ಲೊಬ್ಬಳು ತನ್ನ ಶಾಲನ್ನೇ ನೆಲಕ್ಕೆ ಹಾಸಿದಳು. ಮಿಸ್ ಲೂಡಿ ಗುರುತಿನ ಚೀಟಿ ತೋರಿಸಿದರು, ಯಂತ್ರದ ಮುಂದೆ ಬಹಳ ಹೊತ್ತು ನಿಂತರು, ಅದು ಮುದ್ರಿಸಿಕೊಟ್ಟ ಕಾಗದವನ್ನು ಎರಡು ಸಲ ಓದಿ ಪೆಟ್ಟಿಗೆಗೆ ಹಾಕಿದರು. ಅದು ಒಳಗೆ ಹೋಗುವಾಗ ಅವರ ಟೋಪಿಯ ಅಂಚು ನಡುಗುತ್ತಿತ್ತು.

ಮತ ಹಾಕಿದವರಿಗೆ ನಾವು ಪೀಚ್ ಹಣ್ಣಿನ ಚಿತ್ರದ ಅಂಟುಚೀಟಿ ಕೊಡುತ್ತೇವೆ. ರಾಂಡಲ್ ಒಂದನ್ನು ಕಿತ್ತು ಅವರ ಕೋಟಿಗೆ ತಾನೇ ಹಚ್ಚಿದ. ಇನ್ನೊಂದು ಬೇಕು ಎಂದರು. ಒಬ್ಬರಿಗೆ ಒಂದೇ ಎಂಬುದು ಅವನ ಲೆಕ್ಕ. ಅವನು ನನ್ನನ್ನು ನೋಡಿದ, ಒದ್ದೆ ನೆಲವನ್ನು ನೋಡಿದ. ಆಮೇಲೆ ಇಡೀ ಸುರುಳಿಯನ್ನೇ ಅವರ ಕೈಗಿಟ್ಟ.

ಮಿಸ್ ಲೂಡಿ ಗೋಡೆಯ ಉದ್ದಕ್ಕೂ ಹೋದರು. ಒಂದೊಂದೇ ಚೀಟಿ ಬಿಡಿಸಿ, ಎದೆಯ ಎತ್ತರಕ್ಕೆ ಗಾಳಿಯಲ್ಲಿ ಇಟ್ಟು, ಹೆಬ್ಬೆರಳಿನಿಂದ ಒತ್ತಿ, ಹೆಸರು ಹೇಳಿ ಮುಂದಕ್ಕೆ ಸರಿದರು. ಕೊನೆಯದನ್ನು ಹಚ್ಚುವಾಗ ತುದಿಗಾಲಲ್ಲಿ ನಿಲ್ಲಬೇಕಾಯಿತು. ನಾವು ನಾಲ್ವರೂ ನೋಡುತ್ತ ನಿಂತಿದ್ದೆವು. ಒಂದೂ ನೆಲಕ್ಕೆ ಬೀಳಲಿಲ್ಲ.